‘ಎಷ್ಟು ಮರ ಕಡಿದರು?’ ಎಂಬ ಪ್ರಶ್ನೆಯ ಆಚೆಗೆ: ಕಂಬಂ ಕಣಿವೆಯ ಕನ್ನಡ ನೆನಪುಗಳು

ಸೆಮಿನಾರಿನಲ್ಲಿ ಆಡಿದ್ದನ್ನು ಹೆಚ್ಚು ತಿದ್ದದೆ ಬರಹಕ್ಕೆ ಇಳಿಸಿದ್ದೇನೆ. ಅಲ್ಲಲ್ಲಿ ಆಡುಮಾತು ಉಳಿದಿದ್ದರೆ ಅದಕ್ಕೇ.

ನನ್ನ ತಕರಾರು ಒಂದೇ. ತೇನಿ, ದಿಂಡಿಗಲ್ ಕಡೆ ಮರ ಕಡಿತದ, ಕಲ್ಲುಗಣಿಯ ಮೌಖಿಕ ಇತಿಹಾಸ ಸಂಗ್ರಹಿಸಲು ಹೊರಡುವ ನಾವು, ಅಂದ್ರೆ ವಿಶ್ವವಿದ್ಯಾಲಯದವರು, ಪ್ರಶ್ನಾವಳಿಯನ್ನು ಉದ್ಯಮದ ಕಡೆಯಿಂದಲೇ ಬರೆದುಕೊಳ್ಳುತ್ತೇವೆ. ಎಷ್ಟು ಮರ ಕಡಿದರು? ಕ್ವಾರಿ ಯಾವಾಗ ಶುರುವಾಯ್ತು? ಕೂಲಿ ಎಷ್ಟಿತ್ತು? ಇವೂ ಬೇಕಾದ ಪ್ರಶ್ನೆಗಳೇ. ಆದರೆ ದನಗಳ ಹಿಂದೆ ನಡೆದು ಕಾಡನ್ನು ಅರಿತವರು ಇದರಲ್ಲಿ ಎಲ್ಲಿಂದ ಮಾತು ಶುರು ಮಾಡಬೇಕು?

ಕಂಬಂ ಕಣಿವೆಯ ಕಪ್ಪಿಲಿಯರು ಕನ್ನಡ ಮನೆಮಾತಿನ ಒಕ್ಕಲು ಸಮುದಾಯ. ಎಡ್ಗರ್ ಥರ್ಸ್ಟನ್ 1909ರ ತಮ್ಮ ಗ್ರಂಥದಲ್ಲಿ ಇವರ ದೇವರ ಹಿಂಡನ್ನು ದಾಖಲಿಸಿದ್ದಾರೆ. ತಮಿಳಿನಲ್ಲಿ ಅದು ‘ತಂಬಿರಾನ್ ಮಾಡು’, ಇವರ ಬಾಯಲ್ಲಿ ‘ದೇವರು ಆವು’. ನಮ್ಮ ಹಳೆಗನ್ನಡ ಪಾಠದಲ್ಲಿ ಅರ್ಥ ಬರೆಸುವ ‘ಆವು’ ಅಲ್ಲಿ ಬಳಕೆಯ ಮಾತು. ಥರ್ಸ್ಟನ್‌ಗೆ ಅದೊಂದು ಆಚಾರದ ವಿವರ ಅಷ್ಟೇ. ಹಿಂಡು ಯಾವ ಬೆಟ್ಟದಲ್ಲಿ ಮೇಯುತ್ತಿತ್ತು ಎಂಬುದು ನೆಲದ ಇತಿಹಾಸವೂ ಹೌದು ಎಂದು ಓದುವ ಕೆಲಸ ಇನ್ನೂ ನಮ್ಮದೇ.

ಇದೇ ಕಣಿವೆಯ ಪಿರಮಲೈ ಕಳ್ಳರ್ ರೈತರ ಬಗ್ಗೆ ಆನಂದ್ ಪಾಂಡ್ಯನ್ ಬರೆದ ‘ಕ್ರೂಕೆಡ್ ಸ್ಟಾಕ್ಸ್’ (2009) ರೈತರ ತಮಿಳು ಮಾತನ್ನು ಬರಿಯ ಮಾಹಿತಿ ಎಂದು ನೋಡದೆ ವಿಚಾರ ಎಂದೇ ಓದುತ್ತದೆ. ಅದೇ ಕಿವಿ ಈ ಕನ್ನಡಕ್ಕೂ ಬೇಕು. ಸಂದರ್ಶನವನ್ನು ತಮಿಳಿನಲ್ಲಿ ಮಾಡಿ, ಇಂಗ್ಲಿಷಿನಲ್ಲಿ ಟೈಪ್ ಮಾಡಿದರೆ ‘ಆವು’ ‘ಕ್ಯಾಟಲ್’ ಆಗುತ್ತದೆ, ಹಳ್ಳಕ್ಕೂ ಬಂಡೆಗೂ ಇಟ್ಟ ಹೆಸರುಗಳು ‘ಫಾರೆಸ್ಟ್ ಏರಿಯಾ’ ಆಗುತ್ತವೆ.

ಇದರಿಂದ ನಷ್ಟವೇನು ಅಂತ ಕೇಳಬಹುದು. 2006ರ ಅರಣ್ಯ ಹಕ್ಕು ಕಾಯ್ದೆ ಮೇಯಿಸುವ ಹಕ್ಕನ್ನೂ ಸಮುದಾಯದ ಹಕ್ಕು ಎಂದು ಒಪ್ಪುತ್ತದೆ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷ, ಆ ಕಾಡಿನ ನಂಟು ತೋರಿಸಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಆ ಕಾಲವನ್ನು ಕಣ್ಣಾರೆ ಕಂಡವರು ಇಂದು ಎಷ್ಟು ಜನ ಸಿಕ್ಕಾರು? ಕಾಯ್ದೆಯ ನಿಯಮಗಳು ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಸಾಕ್ಷ್ಯವೆಂದು ಪರಿಗಣಿಸುತ್ತವೆ. ಅಜ್ಜ ಹೇಳಿದ್ದನ್ನು ಮೊಮ್ಮಗ ಹೇಳುವಾಗ ಆಧಾರವಾಗಿ ಉಳಿಯುವುದು ಜಾಗದ ಹೆಸರು, ಮಂದೆ ನಡೆದ ದಾರಿ. ನಾವು ಅಳಿಸುತ್ತಿರುವುದು ಅದನ್ನೇ.

2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಮೀಸಲು ಪ್ರದೇಶ ಘೋಷಣೆಯಾಯಿತು. 2022ರ ಮಾರ್ಚ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕಾಡಿನಲ್ಲಿ ದನ ಮೇಯಿಸುವುದನ್ನೇ ನಿಷೇಧಿಸಿ, ನಂತರ ಆ ಆದೇಶವನ್ನು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಹುಲಿ ಮೀಸಲುಗಳಿಗೆ ಸೀಮಿತಗೊಳಿಸಿತು. ಪೊಟ್ಟಿಪುರದ ನ್ಯೂಟ್ರಿನೊ ಯೋಜನೆಗೆ ಬೆಟ್ಟದೊಳಗೆ ಸುಮಾರು ಎರಡು ಕಿಲೋಮೀಟರ್ ಸುರಂಗ ಕೊರೆಯುವ ಪ್ರಸ್ತಾಪ ಬಂದಾಗಲೂ ಚರ್ಚೆ ಬಂಡೆ, ಸ್ಫೋಟ, ವಿಜ್ಞಾನಗಳ ಸುತ್ತಲೇ ಹೆಚ್ಚು ತಿರುಗಿತು. ಆ ಬೆಟ್ಟದಲ್ಲಿ ಮೇಯುವ ದನದ ಮಾತು ಪಕ್ಕಕ್ಕೇ ಉಳಿಯಿತು.

ಹಾಗಂತ ದೇವರ ಹಿಂಡಿನ ಕಥೆಯನ್ನೇ ಕಣಿವೆಯ ಕಥೆ ಅನ್ನೋದೂ ಸರಿಯಲ್ಲ. ಅದು ಭೂಮಿಯುಳ್ಳ ಸಮುದಾಯದ, ಗುಡಿಯ ಸುತ್ತಲಿನ ನೆನಪು. ಎಸ್ಟೇಟಿನ ಕೂಲಿ, ಕ್ವಾರಿಯಲ್ಲಿ ಕಲ್ಲು ಒಡೆದವಳು, ಸೌದೆ ಹೊತ್ತವಳು ಅದೇ ಬೆಟ್ಟಕ್ಕೆ ಬೇರೆ ಹೆಸರು ಇಟ್ಟಿರಬಹುದು. ಎರಡೂ ಹೆಸರು ಒಂದೇ ನಕ್ಷೆಯ ಮೇಲೆ ಬರಬೇಕು. ಜಗಳವಿದ್ದರೆ ಅದೂ ಕಾಣಲಿ.

ದಿಂಡಿಗಲ್ ಹತ್ತಿರದ ಗಾಂಧಿಗ್ರಾಮ ಗ್ರಾಮೀಣ ಸಂಸ್ಥೆ 1956ರಿಂದ ಬೋಧನೆ, ಸಂಶೋಧನೆಗಳ ಜೊತೆ ಹಳ್ಳಿಯ ಕೆಲಸವನ್ನೂ ವಿದ್ಯೆಯ ಭಾಗವೆಂದೇ ನಡೆಸಿಕೊಂಡು ಬಂದಿದೆ. ನಾವೂ ಅಷ್ಟು ಮಾಡಬಹುದು: ಮೂಲ ಕನ್ನಡ ಧ್ವನಿಯನ್ನು ಉಳಿಸೋಣ, ಜಾಗದ ಹೆಸರನ್ನು ಅನುವಾದಿಸದೆ ಬಿಡೋಣ, ಬರೆದ ಪ್ರತಿಯನ್ನು ಹೇಳಿದವರ ಊರಿನ ಗ್ರಾಮಸಭೆಗೆ ಒಪ್ಪಿಸೋಣ. ನಮಗೆ ಅದು ಪ್ರಬಂಧದ ಅನುಬಂಧ, ಅವರಿಗೆ ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದ.