ಭಾನುವಾರ ಬಿಚ್ಚಿದ್ದು ಸೋಮವಾರ ಓಡಬೇಕು

ಹಳೆಯ ಕಾರನ್ನು ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಹವ್ಯಾಸಕ್ಕೆ ನಮ್ಮ ನಗರಗಳಲ್ಲಿ ಈಗ ಒಳ್ಳೆಯ ಹೆಸರಿದೆ. ವಾರವಿಡೀ ಲ್ಯಾಪ್‌ಟಾಪಿನ ಮುಂದೆ ಕೂತವನು ರಜೆಯ ದಿನ ಬಾನೆಟ್ ಎತ್ತಿ ಕೈ ಮಸಿ ಮಾಡಿಕೊಂಡರೆ ನೋಡುವವರಿಗೆ ಅವನ ಮೇಲೆ ಮೆಚ್ಚುಗೆ ಹುಟ್ಟುತ್ತದೆ. ದುಡ್ಡು ಉಳಿಯುತ್ತದೆ, ಮನಸ್ಸು ಹಗುರಾಗುತ್ತದೆ, ಗುಜರಿಗೆ ಹೋಗಬೇಕಿದ್ದ ವಸ್ತು ಬಾಳುತ್ತದೆ ಎಂಬ ಮೂರು ಮಾತುಗಳು ಇದರ ಪರವಾಗಿ ಸದಾ ಕೇಳಿಬರುತ್ತವೆ. ಮೂರರಲ್ಲೂ ಅಷ್ಟಿಷ್ಟು ಸತ್ಯವಿದೆ. ಆದರೆ ಬಿಡುವಿಲ್ಲದ ನೌಕರಿಯಲ್ಲಿರುವವರು ಈ ಹವ್ಯಾಸವನ್ನು ಅಳೆಯಲು ಇನ್ನೂ ಒರಟಾದ ಒಂದು ಪ್ರಶ್ನೆ ಸಾಕು: ಸೋಮವಾರ ಬೆಳಿಗ್ಗೆ ಆ ಕಾರು ಹೊರಡುತ್ತದೆಯೇ? ಈ ಪ್ರಶ್ನೆ ಹಿಡಿದು ನೋಡಿದರೆ ನಾವು ಹೊಗಳುತ್ತ ಬಂದ ಎಷ್ಟೋ ಸಂಗತಿಗಳು ಕಳೆಗುಂದುತ್ತವೆ. ಯಾರೂ ಲೆಕ್ಕಕ್ಕಿಡದ ಕೆಲವು ಮುನ್ನೆಲೆಗೆ ಬರುತ್ತವೆ.

ಮನೆಯಂಗಳದ ಕೆಲಸಕ್ಕೆ ಒಗ್ಗುವ ಕಾರುಗಳ ಪಟ್ಟಿ ದೊಡ್ಡದೇನಲ್ಲ. ಮುಂಬಯಿಯ ಕುರ್ಲಾದಲ್ಲಿ ತಯಾರಾದ ಪ್ರೀಮಿಯರ್ ಪದ್ಮಿನಿ, ಬಂಗಾಳದ ಉತ್ತರಪಾಡಾದಿಂದ ಬಂದ ಅಂಬಾಸಿಡರ್, 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800, ತೊಂಬತ್ತರ ದಶಕದ ಝೆನ್. ಪದ್ಮಿನಿಯದು 1089 ಸಿಸಿಯ ಇಂಜಿನ್, ಮಾರುತಿಯದು 796 ಸಿಸಿಯ ಮೂರು ಸಿಲಿಂಡರಿನದು. ಇವುಗಳ ಕಾರ್ಬುರೇಟರ್ ಮಾದರಿಗಳಲ್ಲಿ ದೋಷ ಹುಡುಕಲು ಸ್ಕ್ಯಾನರ್ ಬೇಕಿಲ್ಲ. ಪೆಟ್ರೋಲ್ ಬರುತ್ತಿದೆಯೇ, ಕಿಡಿ ಹಾರುತ್ತಿದೆಯೇ ಎಂದು ಎರಡು ಕಡೆ ನೋಡಿದರೆ ಅರ್ಧ ರೋಗ ಗೊತ್ತಾಗುತ್ತದೆ. ಪದ್ಮಿನಿ, ಅಂಬಾಸಿಡರ್‌ಗಳ ಡಿಸ್ಟ್ರಿಬ್ಯೂಟರ್ ಮುಚ್ಚಳದಡಿ ಪಾಯಿಂಟಿನ ಅಂತರ ಅರ್ಧ ಮಿಲಿಮೀಟರಿಗೂ ಕಡಿಮೆ. ಅದನ್ನು ಫೀಲರ್ ಗೇಜಿನಿಂದ ಸರಿ ಮಾಡಲು ಕಲಿತವನಿಗೆ ಇಂಜಿನ್ ಮಾತಾಡಲು ಶುರುಮಾಡುತ್ತದೆ. ಅಂಬಾಸಿಡರ್, ಮಾರುತಿ 800 ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಆದರೂ ಮಾರುತಿಯ ಬಿಡಿಭಾಗ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಲೀಸಾಗಿ ಸಿಗುತ್ತದೆ, ಪದ್ಮಿನಿಯದಕ್ಕೆ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಕಾರು ಆರಿಸಿಕೊಳ್ಳುವಾಗ ಅದರ ಅಂದಕ್ಕಿಂತ ಈ ಅಲೆದಾಟವನ್ನು ಮೊದಲು ಲೆಕ್ಕ ಹಾಕಬೇಕು. ನೌಕರಿಯಲ್ಲಿರುವವನ ಬಳಿ ಇಲ್ಲದ್ದೇ ಅಲೆಯುವ ಹೊತ್ತು.

ಕೈಯಾರೆ ರಿಪೇರಿಯ ಹಿರಿಮೆ ಸಾರಿದ ಪುಸ್ತಕಗಳು ಈ ಹೊತ್ತಿನ ಪ್ರಶ್ನೆಗೆ ನೆರವಾಗುವುದಿಲ್ಲ. ರಾಬರ್ಟ್ ಪಿರ್ಸಿಗ್ 1974ರಲ್ಲಿ ಪ್ರಕಟಿಸಿದ ‘ಝೆನ್ ಅಂಡ್ ದಿ ಆರ್ಟ್ ಆಫ್ ಮೋಟರ್‌ಸೈಕಲ್ ಮೇಂಟೆನೆನ್ಸ್’ ಯಂತ್ರದ ಆರೈಕೆಯನ್ನು ಚಿಂತನೆಯ ಮಟ್ಟಕ್ಕೆ ಏರಿಸಿದ ಕೃತಿ. ಆದರೆ ಅದರ ನಿರೂಪಕ ಮಗನನ್ನು ಹಿಂದೆ ಕೂರಿಸಿಕೊಂಡು ಮಿನೆಸೋಟಾದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟ ಪ್ರವಾಸಿ. ವಾಲ್ವ್ ಹೊಂದಿಸುವಾಗ ಅವನಿಗೆ ಕಚೇರಿಯಿಂದ ಫೋನ್ ಬರುವುದಿಲ್ಲ. 2009ರಲ್ಲಿ ‘ಶಾಪ್ ಕ್ಲಾಸ್ ಆ್ಯಸ್ ಸೋಲ್‌ಕ್ರಾಫ್ಟ್’ ಬರೆದ ಮ್ಯಾಥ್ಯೂ ಕ್ರಾಫರ್ಡ್ ಷಿಕಾಗೋದಲ್ಲಿ ರಾಜಕೀಯ ತತ್ತ್ವಶಾಸ್ತ್ರದ ಡಾಕ್ಟರೇಟ್ ಪಡೆದು, ಚಿಂತನ ಸಂಸ್ಥೆಯೊಂದರ ಹುದ್ದೆ ಬಿಟ್ಟು, ಮೋಟರ್‌ಸೈಕಲ್ ರಿಪೇರಿ ಅಂಗಡಿ ತೆರೆದವರು. ಕೈಕೆಲಸದಲ್ಲಿ ಬುದ್ಧಿಗೂ ಪಾಲಿದೆ ಎಂದು ಅವರು ಬಲವಾಗಿ ವಾದಿಸುತ್ತಾರೆ, ಅದು ಒಪ್ಪತಕ್ಕದ್ದೇ. ಒಬ್ಬರ ಕಥೆ ರಜೆಯಲ್ಲಿ ನಡೆಯುತ್ತದೆ, ಇನ್ನೊಬ್ಬರದು ರಾಜೀನಾಮೆಯ ನಂತರ. ಸಂಬಳದ ಕೆಲಸವನ್ನೂ ಇಟ್ಟುಕೊಂಡು, ಕಂತೂ ಕಟ್ಟುತ್ತ, ರಾತ್ರಿ ಎಂಟಕ್ಕೆ ಮನೆ ಸೇರುವವನ ಪಾಡು ಎರಡರಲ್ಲೂ ಇಲ್ಲ.

ಟಿ.ವಿ. ಇನ್ನೂ ಮುಂದೆ ಹೋಯಿತು. 2003ರಲ್ಲಿ ಶುರುವಾದ ‘ವೀಲರ್ ಡೀಲರ್ಸ್’ ಸರಣಿಯನ್ನು ಇಲ್ಲಿಯ ಕಾರುಪ್ರಿಯರೂ ಆಸೆಯಿಂದ ನೋಡಿದ್ದಾರೆ. ಮೈಕ್ ಬ್ರೂವರ್ ಹಳೆಯ ಕಾರು ಕೊಳ್ಳುತ್ತಿದ್ದರು, ಎಡ್ ಚೈನಾ ಅದನ್ನು ಸರಿಪಡಿಸುತ್ತಿದ್ದರು, ಕೊನೆಗೆ ಮಾರಿ ಲಾಭ ಎಷ್ಟೆಂದು ಹೇಳುತ್ತಿದ್ದರು. ಆ ಲೆಕ್ಕದಲ್ಲಿ ಚೈನಾ ದುಡಿದ ಗಂಟೆಗಳ ಕೂಲಿ ಸೇರುತ್ತಿರಲಿಲ್ಲ. 2017ರಲ್ಲಿ ಅವರು ಸರಣಿ ಬಿಟ್ಟಾಗ ಕೊಟ್ಟ ಕಾರಣವೂ ಕುತೂಹಲದ್ದು: ವರ್ಕ್‌ಶಾಪಿನ ಭಾಗವನ್ನು ಕಡಿತ ಮಾಡಲು ಹೊರಟದ್ದು ಅವರಿಗೆ ಒಪ್ಪಿಗೆಯಾಗಲಿಲ್ಲ. ಕೆಲಸದ ಗಂಟೆಗಳು ಮೊದಲು ಖರ್ಚಿನ ಪಟ್ಟಿಯಲ್ಲಿ ಕಾಣಲಿಲ್ಲ, ಆಮೇಲೆ ಪರದೆಯಲ್ಲೂ ಕಡಿಮೆಯಾಗಬೇಕಿತ್ತು. ಮನೆಯ ಗ್ಯಾರೇಜಿನ ಉತ್ಸಾಹಿಗಳು ಈ ಸರಣಿಯಿಂದ ಕಲಿತ ದೊಡ್ಡ ತಪ್ಪು ಲೆಕ್ಕ ಇದೇ. ಪ್ಲಗ್, ಗ್ಯಾಸ್ಕೆಟ್, ಆಯಿಲಿನ ಬಿಲ್ ಕೂಡಿಸುತ್ತಾರೆ, ಗಂಟೆಗಳನ್ನು ಬಿಟ್ಟುಬಿಡುತ್ತಾರೆ.

ಹಾಗೆಂದು ಸಮಯದ ಒಟ್ಟು ಮೊತ್ತವೇ ಸಮಸ್ಯೆಯೆಂದುಕೊಂಡರೂ ದಾರಿ ತಪ್ಪುತ್ತದೆ. ವಾರಕ್ಕೆ ನಾಲ್ಕೈದು ಗಂಟೆ ಹೊಂದಿಸುವುದು ಹೆಚ್ಚಿನವರಿಗೆ ಸಾಧ್ಯ. ಆದರೆ ಆ ಗಂಟೆಗಳು ಒಟ್ಟಾಗಿ ಸಿಗುವುದಿಲ್ಲ. ಬೆಳಿಗ್ಗೆ ಮುಕ್ಕಾಲು ಗಂಟೆ, ಮಗುವಿನ ಸಂಗೀತದ ತರಗತಿ ಮುಗಿಯುವವರೆಗೆ ಒಂದು ಗಂಟೆ, ಹೀಗೆ ಚೂರುಚೂರು. ಅದರ ನಡುವೆ ಸರ್ವರ್ ಬಿತ್ತೆಂದು ಕರೆ ಬಂದರೆ ಸ್ಪ್ಯಾನರ್ ಕೆಳಗಿಡಲೇಬೇಕು. ಆದ್ದರಿಂದ ಮನೆಯಲ್ಲಿ ಯಾವ ಕೆಲಸಕ್ಕೆ ಕೈ ಹಾಕಬೇಕು ಎಂಬುದನ್ನು ಅದರ ಕಷ್ಟ ನೋಡಿ ತೀರ್ಮಾನಿಸಬಾರದು, ಅರ್ಧಕ್ಕೆ ನಿಲ್ಲಿಸಬಹುದೇ ಎಂದು ಕೇಳಿ ತೀರ್ಮಾನಿಸಬೇಕು. ನನ್ನ ಮಟ್ಟಿಗೆ ಈ ಹವ್ಯಾಸದ ಜಾಣತನವೆಲ್ಲ ಈ ವಿಂಗಡಣೆಯಲ್ಲಿದೆ.

ಏರ್ ಫಿಲ್ಟರ್ ಬದಲಾಯಿಸುವುದು, ಪ್ಲಗ್ ತೆಗೆದು ಬಣ್ಣ ನೋಡಿ ತಿಕ್ಕಿ ಹಾಕುವುದು, ಬ್ಯಾಟರಿಯ ಟರ್ಮಿನಲ್‌ಗೆ ಕೂತ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆಯುವುದು, ಫ್ಯಾನ್ ಬೆಲ್ಟಿನ ಬಿಗಿ ನೋಡುವುದು, ಅಂಬಾಸಿಡರಿನ ಮುಂದಿನ ಸಸ್ಪೆನ್ಷನ್ನಿನ ನಿಪ್ಪಲ್‌ಗಳಿಗೆ ಗ್ರೀಸ್ ಗನ್ ಹಿಡಿಯುವುದು ಇವೆಲ್ಲ ನಡುವೆ ಬಿಟ್ಟು ಎದ್ದರೂ ಕೆಡದ ಕೆಲಸಗಳು. ಇಂಜಿನ್ ಆಯಿಲ್ ಬದಲಾವಣೆಗೆ ಎರಡು ಗಂಟೆ ಧಾರಾಳ. ಬ್ರೇಕಿನದು ಒಲೆಯ ಮೇಲಿಟ್ಟ ಹಾಲಿನ ಕಥೆ, ನಡುವೆ ಎದ್ದು ಹೋಗುವಂತಿಲ್ಲ. ವೀಲ್ ಸಿಲಿಂಡರ್ ಬಿಚ್ಚಿದ ಮೇಲೆ ಕಿಟ್ ಹಾಕಿ, ಫ್ಲೂಯಿಡ್ ತುಂಬಿ, ಒಬ್ಬರು ಪೆಡಲ್ ಒತ್ತಿ ಇನ್ನೊಬ್ಬರು ಗಾಳಿ ತೆಗೆದು ಮುಗಿಸುವವರೆಗೆ ಆ ಕಾರು ಗೇಟು ದಾಟಬಾರದು. ಮಾರುತಿಯ ಟೈಮಿಂಗ್ ಬೆಲ್ಟಿನಲ್ಲಿ ಒಂದು ಹಲ್ಲು ಆಚೀಚೆ ಕೂತರೂ ಇಂಜಿನ್ ಸರಿಯಾಗಿ ಓಡುವುದಿಲ್ಲ. ಹೆಡ್ ಗ್ಯಾಸ್ಕೆಟ್ ಕೆಲಸ ಮನೆಯಲ್ಲಿ ಶುರುವಾದರೂ ಹೆಡ್ಡಿನ ಮುಖ ಸಮ ಮಾಡಿಸಲು ಲೇತ್ ಅಂಗಡಿಗೆ ಹೋಗಲೇಬೇಕು. ಇಲ್ಲಿ ಇನ್ನೊಂದು ಇಕ್ಕಟ್ಟು: ನಮಗೆ ಬಿಡುವಿರುವ ಭಾನುವಾರದಂದೇ ಬಿಡಿಭಾಗದ ಅಂಗಡಿ, ಲೇತ್ ಅಂಗಡಿಗಳು ಬಹುಪಾಲು ಮುಚ್ಚಿರುತ್ತವೆ. ತುಕ್ಕು ಹಿಡಿದ ಒಂದು ಬೋಲ್ಟಿನ ತಲೆ ಮುರಿದರೆ ಕಾರು ಇನ್ನೊಂದು ವಾರ ಜಾಕ್ ಸ್ಟ್ಯಾಂಡಿನ ಮೇಲೆ. ಬೇಕಾದ ಭಾಗಗಳೆಲ್ಲ ಕೈಸೇರುವವರೆಗೆ ಒಂದು ಬೋಲ್ಟನ್ನೂ ಸಡಿಲಿಸಬಾರದೆಂಬ ನಿಯಮ ನೀರಸವಾಗಿ ಕೇಳಿಸಬಹುದು. ಅಪಾರ್ಟ್‌ಮೆಂಟಿನ ನೆಲಮಾಳಿಗೆಗಳಲ್ಲಿ ಕವರ್ ಹೊದ್ದು ವರ್ಷಗಟ್ಟಲೆ ನಿಂತ ಕಾರುಗಳಲ್ಲಿ ಎಷ್ಟೋ, ಈ ನಿಯಮ ಮುರಿದವರವು.

ಹಳೆಯ ಕಾರು ಓಡದಿದ್ದರೂ ಸವೆಯುತ್ತದೆ ಎಂಬುದನ್ನು ಇಂಥ ಮಾಲೀಕರು ಮರೆಯುತ್ತಾರೆ. ಬ್ರೇಕ್ ಫ್ಲೂಯಿಡ್ ಗಾಳಿಯ ತೇವ ಹೀರಿ ಒಳಗಿನ ಲೋಹ ತಿನ್ನುತ್ತದೆ. ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸುವುದು ಕಿಲೋಮೀಟರ್ ನೋಡಿ ಮಾಡುವ ಕೆಲಸವಲ್ಲ. ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ತಯಾರಾದ ವಾರ, ವರ್ಷವನ್ನು ಹೇಳುತ್ತದೆ. 2319 ಎಂದಿದ್ದರೆ 2019ರ 23ನೆಯ ವಾರ. ಟ್ರೆಡ್ ಸವೆಯದಿದ್ದರೂ ರಬ್ಬರ್ ಬಿರಿದಿರುತ್ತದೆ. ನೆಲಮಾಳಿಗೆಯಲ್ಲಿ ಇಲಿಗಳು ವೈರು ಕಡಿಯುತ್ತವೆ. ಮಂಗಳೂರು, ಉಡುಪಿಯ ಕಡೆ ಮಳೆ ಮತ್ತು ಉಪ್ಪುಗಾಳಿ ಸೇರಿ ಕಾರಿನ ನೆಲದ ತಗಡನ್ನೇ ತಿಂದುಹಾಕುತ್ತವೆ. ಬಯಲುಸೀಮೆಯಲ್ಲಿ ಇಟ್ಟ ಕಾರಿಗೆ ಆ ಕಾಟ ಕಡಿಮೆ.

ಇದರ ಜೊತೆಗೆ ಹೊಸ ಸವಾಲು ಪೆಟ್ರೋಲಿನದು. 2025ರಿಂದ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಅದಕ್ಕೆಂದು ತಯಾರಾಗದ ಹಳೆಯ ರಬ್ಬರಿಗೆ ಒಗ್ಗುವುದಿಲ್ಲ. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಾಮ್, ಕಾರ್ಬುರೇಟರಿನ ಸೀಲುಗಳ ಮೇಲೆ ಕಣ್ಣಿಡದಿದ್ದರೆ ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲ್ ಜಿನುಗುವ ಅಪಾಯವಿದೆ. ಹೊಸ ಸೀಟ್ ಕವರ್, ಕ್ರೋಮ್ ಬಂಪರ್, ಅಲಾಯ್ ಚಕ್ರಕ್ಕೆ ಸಾವಿರಗಟ್ಟಲೆ ಸುರಿಯುವವರು ಕೆಲವು ನೂರು ರೂಪಾಯಿಯ ಪೈಪನ್ನು ಹಾಗೇ ಬಿಟ್ಟಿರುತ್ತಾರೆ. ಈ ಹವ್ಯಾಸದ ಅಭಿರುಚಿಯಲ್ಲೇ ಇರುವ ಕೊರತೆ ಇದು. ಫೋಟೋಗೆ ಬರುವ ಕೆಲಸಕ್ಕೆ ಇರುವ ಮರ್ಯಾದೆ ಪ್ರಾಣ ಉಳಿಸುವ ಕೆಲಸಕ್ಕಿಲ್ಲ.

ಇನ್ನು ಆ ಮೂರು ಮಾತುಗಳಿಗೆ ಬರೋಣ. ದುಡ್ಡು ಉಳಿಯುವುದು ಸಣ್ಣ ಕೆಲಸಗಳಲ್ಲಿ ನಿಜ. ಆದರೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 600 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಜಾಕು, ಸ್ಟ್ಯಾಂಡು, ಟಾರ್ಕ್ ರೆಂಚಿನ ಬೆಲೆಯನ್ನೂ ಸೇರಿಸಿದರೆ ಉಳಿತಾಯದ ವಾದ ಸೊರಗುತ್ತದೆ. ದೆಹಲಿಯ ಸುತ್ತಮುತ್ತ ಹಳೆಯ ಕಾರುಗಳ ಮೇಲೆ ವಯಸ್ಸಿನ ಕತ್ತಿ ತೂಗಿದಂತೆ ಕರ್ನಾಟಕದಲ್ಲಿ ತೂಗಿಲ್ಲ ಎಂಬುದಷ್ಟೇ ಸಮಾಧಾನ.

ಪರಿಸರದ ವಾದವನ್ನು ಇನ್ನೂ ಎಚ್ಚರದಿಂದ ಆಡಬೇಕು. ಇರುವ ಕಾರನ್ನೇ ಬಾಳಿಸಿದರೆ ಹೊಸದರ ಉಕ್ಕು, ಪ್ಲಾಸ್ಟಿಕ್ಕು ಉಳಿಯುತ್ತದೆ, ಸರಿ. ಆದರೆ ಕೆಟಲಿಟಿಕ್ ಕನ್ವರ್ಟರ್ ನಮ್ಮಲ್ಲಿ ಬಂದದ್ದೇ 1995ರಲ್ಲಿ, ಅದೂ ಮೊದಲು ನಾಲ್ಕು ಮಹಾನಗರಗಳಲ್ಲಿ. ಅದಕ್ಕೂ ಹಿಂದಿನ ಕಾರು ಕಿಲೋಮೀಟರಿಗೆ ಉಗುಳುವ ಹೊಗೆಯನ್ನು ಇಂದಿನ ಕಾರಿನ ಪಕ್ಕ ಇಡುವಂತಿಲ್ಲ. ವಾರಕ್ಕೊಮ್ಮೆ ಹೊರತೆಗೆಯುವ ಕಾರಿನಿಂದ ಆಗುವ ಹಾನಿ ಸಣ್ಣದು. ದಿನವೂ ಟ್ರಾಫಿಕ್ಕಿನಲ್ಲಿ ಓಡಿಸಿ ‘ಹಸಿರು’ ಎನ್ನುವುದು ಆತ್ಮವಂಚನೆ. ಅದಕ್ಕಿಂತ ಕೆಟ್ಟದ್ದು ಬಳಸಿದ ಆಯಿಲನ್ನು ಚರಂಡಿಗೆ ಸುರಿಯುವುದು. ಕಾನೂನಿನ ಪ್ರಕಾರ ಅದು ಅಪಾಯಕಾರಿ ತ್ಯಾಜ್ಯ. ಡಬ್ಬಿಯಲ್ಲಿ ತುಂಬಿ, ಅಂಥ ಆಯಿಲನ್ನು ಸಂಗ್ರಹಿಸಿ ಮರುಬಳಕೆಗೆ ಕಳಿಸುವ ಗ್ಯಾರೇಜಿಗೆ ಒಪ್ಪಿಸದವನು ಪರಿಸರದ ಮಾತೆತ್ತಬಾರದು.

ಮನಸ್ಸು ಹಗುರಾಗುವ ಮಾತು ಮೂರರಲ್ಲಿ ಹೆಚ್ಚು ನಿಜವಾದದ್ದು. ಕಚೇರಿಯ ಕೆಲಸ ಎಂದೂ ಮುಗಿಯುವುದಿಲ್ಲ, ಯಾರಿಂದ ಏನಾಯಿತೆಂದು ಗೊತ್ತಾಗುವುದೂ ಇಲ್ಲ. ಪಾಯಿಂಟ್ ಸರಿ ಮಾಡಿದರೆ ಇಂಜಿನ್ ತಕ್ಷಣ ಉತ್ತರ ಕೊಡುತ್ತದೆ. ಆದರೆ ಆ ಹಗುರತನದ ಭಾರ ಮನೆಯಲ್ಲಿ ಯಾರೋ ಹೊರುತ್ತಿರುತ್ತಾರೆ. ನಮ್ಮಲ್ಲಿ ಇದು ಬಹುಪಾಲು ಗಂಡಸರ ಹವ್ಯಾಸವಾಗಿ ಉಳಿದಿರುವುದಕ್ಕೆ ಯಂತ್ರಜ್ಞಾನ ಕಾರಣವಲ್ಲ. ಭಾನುವಾರ ಮಧ್ಯಾಹ್ನದವರೆಗೆ ಅಡುಗೆ, ಮಕ್ಕಳು, ಬಟ್ಟೆಯ ಹೊಣೆಯಿಲ್ಲದೆ ಕಾರಿನಡಿ ಮಲಗಲು ಅವರಿಗೆ ಮಾತ್ರ ಸಾಧ್ಯ. ಟಿ.ವಿ. ಲೆಕ್ಕದಲ್ಲಿ ಕಾಣದ ಗಂಟೆಗಳು ಮನೆಯಲ್ಲೂ ಕಾಣುವುದಿಲ್ಲ, ಏಕೆಂದರೆ ಅವನ್ನು ತೆತ್ತವರು ಬೇರೆ.

ಇದೇ ಧಾಟಿಯ ಇನ್ನೊಂದು ಮರೆವು ಮೆಕ್ಯಾನಿಕ್‌ಗಳ ಕುರಿತದ್ದು. ಅವರು ಮೋಸ ಮಾಡುತ್ತಾರೆ, ಅದಕ್ಕೇ ನಾನು ಮನೆಯಲ್ಲಿ ಮಾಡಿಕೊಳ್ಳುತ್ತೇನೆ ಎಂದು ಹೆಮ್ಮೆಯಿಂದ ಹೇಳುವವರಿದ್ದಾರೆ. ಆದರೆ ಕಾರ್ಬುರೇಟರನ್ನು ಕಿವಿಯಿಂದಲೇ ಟ್ಯೂನ್ ಮಾಡಬಲ್ಲ ಹಿರಿಯರು ಒಬ್ಬೊಬ್ಬರಾಗಿ ಅಂಗಡಿ ಮುಚ್ಚುತ್ತಿದ್ದಾರೆ, ಸ್ಕ್ಯಾನರ್ ಹಿಡಿದು ಕಲಿತ ಹುಡುಗರಿಗೆ ಆ ವಿದ್ಯೆ ಬೇಕಿಲ್ಲ. ಹವ್ಯಾಸಿಗೆ ಬುದ್ಧಿಯಿದ್ದರೆ ಆ ಹಿರಿಯರಿಗೆ ದೊಡ್ಡ ಕೆಲಸ ಕೊಟ್ಟು, ಕೇಳಿದ ಕೂಲಿ ಕೊಟ್ಟು, ಪಕ್ಕದಲ್ಲಿ ನಿಂತು ಕಲಿಯುತ್ತಾನೆ. ನಿಲ್ಲಿಸಲಾಗದ ಕೆಲಸ ಅವರಿಗೆ, ನಿಲ್ಲಿಸಬಹುದಾದದ್ದು ತನಗೆ ಎಂಬ ಹಂಚಿಕೆಯೇ ಇಬ್ಬರಿಗೂ ನ್ಯಾಯ.

ಹೀಗೆ ಅಳೆದರೆ ನೌಕರಿಯ ನಡುವೆ ಹಳೆಯ ಕಾರು ಸಾಕುವುದು ಒಳ್ಳೆಯ ಅಭ್ಯಾಸವೇ. ಅದು ಗಮನ ಕೊಡುವುದನ್ನು ಕಲಿಸುತ್ತದೆ, ವಸ್ತುವಿನ ಋಣ ತೀರಿಸುವುದನ್ನು ಕಲಿಸುತ್ತದೆ. ಷರತ್ತು ಎರಡು: ಕ್ಯಾಲೆಂಡರಿನಂತೆ ನಡೆಯುವ ಸಣ್ಣ ಕೆಲಸಗಳಿಗೆ ಮೊದಲ ಸ್ಥಾನ ಕೊಡಬೇಕು, ತೆತ್ತ ಗಂಟೆಗಳ ಲೆಕ್ಕವನ್ನು ಮನೆಯವರೆದುರು ಒಪ್ಪಿಸಬೇಕು. ಒಂದು ಕಾರಿದ್ದವರಿಗೆ ಇದು ಸಾಧ್ಯ. ಭಾಗಗಳಿಗಿರಲಿ ಎಂದು ಎರಡನೆಯದನ್ನೂ, ಅಗ್ಗಕ್ಕೆ ಸಿಕ್ಕಿತೆಂದು ಮೂರನೆಯದನ್ನೂ ತಂದು ನಿಲ್ಲಿಸಿದವರಿಗೆ ಸಾಧ್ಯವಿಲ್ಲ. ಅಂಥವರು ಈ ತಿಂಗಳು ಮಾಡಬೇಕಾದ ಮೊದಲ ರಿಪೇರಿ ಎಂದರೆ ಓಡದ ಎರಡನ್ನು ಓಡಿಸಬಲ್ಲವರಿಗೆ ಮಾರುವುದು.