ಲಕ್ಕಮ್ಮನ ಅಕ್ಕಿ, ಮಲೆನಾಡಿನ ಅಟ್ಟ

ಮನೆಯಲ್ಲಿ ಸಾಮಾನು ಹೆಚ್ಚಾಯಿತೆಂಬುದು ಇಂದಿನ ಪೇಟೆಯ ಸಂಸಾರಗಳ ದೂರು. ಮನಸ್ಸಿಗೆ ಸಂತೋಷ ಕೊಡದುದನ್ನು ಹೊರಹಾಕಿರೆಂದು ಹೇಳುವ ಜಪಾನಿನ ಮರೀ ಕೊಂಡೊ ಅವರ ಪುಸ್ತಕ 2014ರಲ್ಲಿ ಇಂಗ್ಲಿಷಿಗೆ ಬಂದು ಲೋಕವನ್ನೆಲ್ಲ ಸುತ್ತಿತು. ಕನ್ನಡಿಗರಿಗೆ ಈ ಮಾತು ಹೊಸದೆ? ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನನ್ನು ಬಲ್ಲವರು ಹೌದೆನ್ನಲಾರರು.

ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಆಕೆಯ ಪತಿ ಮಾರಯ್ಯನ ಕಾಯಕ. ಒಂದು ದಿನ ಆತ ತಂದ ಅಕ್ಕಿ ನಿತ್ಯಕ್ಕಿಂತ ಹೆಚ್ಚಿತ್ತು. ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಇದನ್ನು ವೈರಾಗ್ಯವೆಂದು ಹೊಗಳಿ ಮುಗಿಸುವುದು ಸಾಲದು. ಇದು ತನಗೆ ಹಿತವೆ ಎಂಬುದು ಕೊಂಡೊ ಅವರ ಪ್ರಶ್ನೆ. ಇದು ನಮಗೆ ಸಲ್ಲುವುದೆ ಎಂಬುದು ಲಕ್ಕಮ್ಮನದು. ಅದರಲ್ಲಿ ಊರಿನ ಪಾಲೂ ಸೇರಿದೆ.

ಹಾಗಾದರೆ ಹುಲಿಕಲ್ಲಿನ ಗೃಹಿಣಿ ಅಪರಾಧಿಯೆ? ಹೊಸನಗರ ತಾಲೂಕಿನ ಆ ಘಟ್ಟದ ಊರು ನಾಡಿನಲ್ಲೇ ಹೆಚ್ಚು ಮಳೆ ಕಾಣುವ ಸ್ಥಳಗಳಲ್ಲೊಂದು. ಜೂನಿಗೆ ಮೊದಲೇ ಸೌದೆ, ಹಪ್ಪಳ, ಅಪ್ಪೆಮಿಡಿ, ಉಪ್ಪಿನಲ್ಲಿಟ್ಟ ಹಲಸಿನ ತೊಳೆ ಇವನ್ನು ಕೂಡಿಡದಿದ್ದರೆ ಆಷಾಢ ಕಳೆಯುವುದೇ ಹಿಂದೆ ಕಷ್ಟವಿತ್ತು. ಲಕ್ಕಮ್ಮನ ಅಳತೆಯನ್ನು ಇಲ್ಲಿ ದಿನಕ್ಕೆ ಹಿಡಿಯದೆ ಮಳೆಗಾಲಕ್ಕೆ ಹಿಡಿಯಬೇಕು. ಕಾರ್ತಿಕದ ಹೊತ್ತಿಗೆ ಬರಿದಾಗುವ ಅಟ್ಟದಲ್ಲಿರುವುದು ಸಂಗ್ರಹ. ವರ್ಷವರ್ಷವೂ ತುಂಬುತ್ತಲೇ ಹೋಗುವ ಅಟ್ಟದಲ್ಲಿರುವುದು ಲೋಭ.

ಇನ್ನೊಂದು ಮಾತು. ಲಕ್ಕಮ್ಮನ ನಿಷ್ಠುರತೆಗೆ ಒಂದು ಆಧಾರವಿತ್ತು: ನಾಳೆಯೂ ಕಲ್ಯಾಣದ ಅಂಗಳದಲ್ಲಿ ಅಕ್ಕಿ ಸಿಕ್ಕೀತೆಂಬ ನಂಬಿಕೆ. ನಾಳೆಯನ್ನು ನಂಬಬಲ್ಲವರಿಗೆ ಬಿಡುವುದು ಸುಲಭ. ಬಡವರ ಮನೆಯಲ್ಲಿ ಪೇರಿಸಿಟ್ಟ ಹಳೆಯ ಡಬ್ಬಿಗಳನ್ನು ಕಂಡು ನಗುವವರು ಈ ವಚನಕಾರ್ತಿಯನ್ನು ಸಾಕ್ಷಿಗೆ ಕರೆಯದಿರುವುದೊಳಿತು.