ತಾರೀಖಿಲ್ಲದ ಆಕಾಶಚಿತ್ರ

ನಕಾಶೆ ಸೇವೆಗಳನ್ನು ಹೋಲಿಸಿ ಬರೆಯುವವರು ನಮ್ಮಲ್ಲಿ ಕೇಳುವುದು ಒಂದೇ ಪ್ರಶ್ನೆ: ಯಾವುದರಲ್ಲಿ ನಮ್ಮ ಮನೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ? ಗೂಗಲ್ ಮ್ಯಾಪ್ಸ್‌ಗೆ ಯೋಗ್ಯತೆ ಮೀರಿದ ಕೀರ್ತಿ ಸಿಕ್ಕಿರುವುದು ಈ ಪ್ರಶ್ನೆಯಿಂದಲೇ. ಉಪಗ್ರಹ ಚಿತ್ರ ಒಂದು ದಾಖಲೆ. ದಾಖಲೆಗೆ ಮೊದಲು ಬೇಕಾದದ್ದು ತಾರೀಖು.

ಪುಣೆಯ ಹಡಪ್ಸರದ ಮಗರಪಟ್ಟಾವನ್ನೇ ನೋಡಿ. ಸುಮಾರು 120 ರೈತ ಕುಟುಂಬಗಳು 400 ಎಕರೆಯಷ್ಟು ಜಮೀನನ್ನು ಬಿಲ್ಡರ್‌ಗಳಿಗೆ ಮಾರದೆ, ತಾವೇ ಕಂಪನಿ ಕಟ್ಟಿ, ಜಮೀನಿಗೆ ತಕ್ಕ ಷೇರು ಹಂಚಿಕೊಂಡು ಎಬ್ಬಿಸಿದ ನಗರ ಅದು. 2000ದ ಹೊತ್ತಿಗೆ ಕೆಲಸ ಶುರುವಾಯಿತು. ಫೋನಿನಲ್ಲಿ ಉಪಗ್ರಹ ನೋಟ ತೆರೆದರೆ ಐರಿಸ್, ಹೆಲಿಕೋನಿಯಾ, ಕಾಸ್ಮೋಸ್ ಎಂದು ಹೂಗಳ ಹೆಸರು ಹೊತ್ತ ವಸತಿಗಳು, ನಡುವಿನ ಉದ್ಯಾನ, ನಿಂತ ಕಾರುಗಳು ಎಲ್ಲವೂ ಕಾಣುತ್ತವೆ. ಯಾವ ದಿನದ ಚಿತ್ರ ಎಂಬುದು ಮಾತ್ರ ಕಾಣುವುದಿಲ್ಲ. ಕಂಪ್ಯೂಟರಿನಲ್ಲಿ ತೆರೆದರೆ ಅಂಚಿನಲ್ಲಿ ಒಂದು ವರ್ಷ ಇರುತ್ತದೆ. ಅದು ಹಕ್ಕುಸ್ವಾಮ್ಯದ ವರ್ಷ, ಚಿತ್ರ ತೆಗೆದ ವರ್ಷವಲ್ಲ. ಅದನ್ನು ಚಿತ್ರದ ವರ್ಷವೆಂದೇ ಓದಿಕೊಳ್ಳುವವರು ಬಹಳ.

ಆಗ ಉಳಿಯುವ ಸಾಕ್ಷಿ ನೆರಳು. ಇಂಥ ಉಪಗ್ರಹಗಳು ಹೆಚ್ಚಾಗಿ ಬೆಳಗ್ಗೆ ಹತ್ತೂವರೆಯ ಆಸುಪಾಸಿನಲ್ಲಿ ಹಾದುಹೋಗುತ್ತವೆ. ಪುಣೆ ಇರುವುದು 18.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಸೂರ್ಯ ಆಗ್ನೇಯದಲ್ಲಿದ್ದು, ಕಟ್ಟಡಗಳ ನೆರಳು ವಾಯವ್ಯಕ್ಕೆ ಉದ್ದವಾಗಿ ಚಾಚಿರುತ್ತದೆ. ಮೇ ಕೊನೆಯಲ್ಲಿ ಸೂರ್ಯನ ದಾರಿ ನೆತ್ತಿಯಿಂದ ಉತ್ತರಕ್ಕೆ ಸರಿದಿರುವುದರಿಂದ ನೆರಳು ಗಿಡ್ಡವಾಗಿ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ಬೀಳುತ್ತದೆ. ಇನ್ನೊಂದು ಸಾಕ್ಷಿ ಕಟ್ಟಡಗಳ ವಾಲಿಕೆ. ಉಪಗ್ರಹ ಓರೆಯಾಗಿ ನೋಡಿದಾಗ ಎತ್ತರದ ಕಟ್ಟಡಗಳು ಒಂದು ಕಡೆಗೆ ವಾಲಿದಂತೆ ಕಾಣುತ್ತವೆ. ಪಕ್ಕಪಕ್ಕದ ಎರಡು ಕಟ್ಟಡಗಳು ಬೇರೆ ಬೇರೆ ದಿಕ್ಕಿಗೆ ವಾಲಿದ್ದರೆ, ಎರಡು ಬೇರೆ ಚಿತ್ರಗಳನ್ನು ಅಲ್ಲಿ ಜೋಡಿಸಲಾಗಿದೆ ಎಂದರ್ಥ. ಕೌದಿಯಲ್ಲಾದರೆ ಹೊಲಿಗೆ ಕಣ್ಣಿಗೆ ಬೀಳುತ್ತದೆ. ಇಲ್ಲಿ ಬಣ್ಣ ಹೊಂದಿಸಿ ಅದನ್ನು ಅಳಿಸುತ್ತಾರೆ. ಇಷ್ಟೆಲ್ಲ ಕೆದಕಿದರೂ ಸಿಗುವುದು ಋತು, ವರ್ಷವಲ್ಲ.

ಗೂಗಲ್ ಅರ್ಥ್‌ನಲ್ಲಿ ತಾರೀಖೂ ಇದೆ, ಹಳೆಯ ಚಿತ್ರಗಳೂ ಇವೆ ಎಂಬುದು ನಿಜ. ಅಂದರೆ ತಾರೀಖು ಕಂಪನಿಯ ಕೈಯಲ್ಲೇ ಇದೆ. ಕೋಟ್ಯಂತರ ಜನ ನೋಡುವ ನಕಾಶೆಯಲ್ಲಿ ಅದನ್ನು ಕೊಡದಿರುವುದು ಇನ್ನೂ ದೊಡ್ಡ ತಪ್ಪು.

ಸ್ಪಷ್ಟತೆಯನ್ನೇ ಅಳೆಯೋಣ. ಲ್ಯಾಂಡ್‌ಸ್ಯಾಟ್ ಉಪಗ್ರಹದ, ಚುಕ್ಕಿಗೆ 30 ಮೀಟರಿನ ಚಿತ್ರದಲ್ಲಿ ಈ 400 ಎಕರೆ ಸುಮಾರು 1,800 ಚುಕ್ಕಿ. ಅರ್ಧ ಮೀಟರಿನ ಚಿತ್ರದಲ್ಲಿ ಸುಮಾರು 65 ಲಕ್ಷ. ಆದರೆ ಹಸಿರು ಹೊಲ ಬೂದು ಕಾಂಕ್ರೀಟ್ ಆದದ್ದು ಯಾವ ವರ್ಷ ಎಂಬ ಪ್ರಶ್ನೆಗೆ ಉತ್ತರ ಕೊಡುವುದು ತಾರೀಖು ಹೊತ್ತ ಆ 1,800 ಚುಕ್ಕಿಗಳೇ. 2008ರಿಂದ ಅವು ಎಲ್ಲರಿಗೂ ಉಚಿತ.

ಇಲ್ಲಿ ನಮ್ಮ ವಿಮರ್ಶಕರೊಂದಿಗೆ ಜಗಳ ಆಡಲೇಬೇಕು. 2009ರ ಆಗಸ್ಟಿನಲ್ಲಿ ಇಸ್ರೊ ತನ್ನ ನಕಾಶೆ ಸೇವೆ ‘ಭುವನ್’ ತಂದಾಗ ಮಸುಕು, ನಿಧಾನ ಎಂದು ಹಳಿದವರು, ಭಾರತ ಸರ್ಕಾರದ 2001ರ ನೀತಿಯಡಿ 5.8 ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳ ಮೇಲೆ ನಿರ್ಬಂಧವಿತ್ತು ಎಂಬುದನ್ನು ಬದಿಗಿಟ್ಟರು. 2007ರಲ್ಲೇ ಹಾರಿದ್ದ ಕಾರ್ಟೊಸ್ಯಾಟ್-2 ಒಂದು ಮೀಟರಿಗಿಂತ ಸೂಕ್ಷ್ಮವಾಗಿ ನೋಡಬಲ್ಲದಾಗಿತ್ತು, ಕಟ್ಟಿಹಾಕಿದ್ದು ನಿಯಮ. ಒಂದು ಮೀಟರಿನವರೆಗೆ ಅದು ಸಡಿಲವಾದದ್ದು 2011ರಲ್ಲಿ. ‘ನಮ್ಮದು’ ಎಂಬ ಒಂದೇ ಕಾರಣಕ್ಕೆ ಹೊಗಳಿದವರೂ ಉಪಕಾರ ಮಾಡಲಿಲ್ಲ: ನಿಧಾನ ನಿಜವಾಗಿತ್ತು, ಹುಡುಕಾಟ ಒರಟಾಗಿತ್ತು. ಎರಡೂ ಬಣಗಳು ಗಮನಿಸಬೇಕಾಗಿದ್ದುದು ಬೇರೆ: ಇಸ್ರೊ ಉಪಗ್ರಹಗಳ ಲಿಸ್-3 ಕ್ಯಾಮೆರಾದ ದೃಶ್ಯಗಳನ್ನು ಉಪಗ್ರಹದ ಹೆಸರು, ದಿನಾಂಕ ಸಹಿತ ಪುಕ್ಕಟೆಯಾಗಿ ಇಳಿಸಿಕೊಳ್ಳಲು ಕೊಟ್ಟದ್ದು ಭುವನ್.

ದಾರಿ ಹುಡುಕಲು ಗೂಗಲ್ ಮ್ಯಾಪ್ಸ್ ಸಾಕು, ಚೆನ್ನಾಗಿಯೇ ಇದೆ. ಕೆರೆ ಒತ್ತುವರಿಗೆ, ಜಮೀನು ವ್ಯಾಜ್ಯಕ್ಕೆ, ನಗರ ಬೆಳೆದ ಚರಿತ್ರೆಗೆ ಅದು ಸಾಕ್ಷಿಯಾಗಲಾರದು. ಪತ್ರಿಕೆಗಳ ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೆ: ಆಕಾಶಚಿತ್ರ ಅಚ್ಚು ಹಾಕುವಾಗ ಅದನ್ನು ತೆಗೆದ ದಿನವನ್ನೂ ಕೆಳಗೆ ಹಾಕಿ, ದಿನ ಸಿಗದಿದ್ದರೆ ಆ ಚಿತ್ರ ಬಳಸಬೇಡಿ.